ಅರಿಶಿನವೋ, ನವಿಲುನೀಲಿಯೋ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಹಳೆಯ ಹೆಂಚಿನ ಮನೆ. ನಡುಮನೆಗೆ ರೆಡ್ ಆಕ್ಸೈಡ್ ನೆಲ, ಉತ್ತರಕ್ಕೆ ಒಂದೇ ಕಿಟಕಿ. ನನಗೆ ತಿಳಿ ಅರಿಶಿನ ಬಣ್ಣ ಇಷ್ಟ, ನಮ್ಮನೆಯವರಿಗೆ ಗಾಢ ನವಿಲುನೀಲಿ. ಗೋಡೆಯ ಮೇಲೆ ಎರಡನ್ನೂ ಅಕ್ಕಪಕ್ಕ ಬಳಿದು ನೋಡಿದೆವು. ಅರಿಶಿನ ಕಣ್ಣಿಗೆ ಹೊಡೆಯುತ್ತದೆ. ನೀಲಿಯೇ ಸರಿಯೇ?
– ಗೃಹಿಣಿ, ಶಿವಮೊಗ್ಗ ಜಿಲ್ಲೆ

ಉತ್ತರ: ಅಕ್ಕಪಕ್ಕ ಬಳಿದದ್ದೇ ತೊಂದರೆ. ಗಾಢ ನೀಲಿಯ ಮಗ್ಗುಲಲ್ಲಿ ಎಂಥ ಸೌಮ್ಯ ಹಳದಿಯೂ ಉರಿಯುವಂತೆ ಕಾಣುತ್ತದೆ. ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್ ಅವರಿಗೆ ಕಪ್ಪು ನೂಲು ಮಂಕೆಂಬ ದೂರು ಬಂದಿತ್ತು. ಪರೀಕ್ಷಿಸಿದರೆ ನೂಲಿನ ಬಣ್ಣ ಚೆನ್ನಾಗಿಯೇ ಇತ್ತು. ಪಕ್ಕದ ಎಳೆಗಳ ಬಣ್ಣ ಕಣ್ಣನ್ನು ಏಮಾರಿಸುತ್ತಿತ್ತು. 1839ರಲ್ಲಿ ಅವರು ಇದನ್ನು ವಿವರವಾಗಿ ಬರೆದು ಪ್ರಕಟಿಸಿದರು.

ನೀವು ಎರಡು ದೊಡ್ಡ ರಟ್ಟು ತೆಗೆದುಕೊಂಡು, ಪ್ರೈಮರ್ ಮೇಲೆ ಒಂದೊಂದಕ್ಕೆ ಒಂದು ಬಣ್ಣ ಎರಡು ಕೋಟ್ ಹೊಡೆಯಿರಿ. ಪೂರ್ತಿ ಒಣಗಿದ ಮೇಲೆ ಒಂದನ್ನು ಒಳಗಿಟ್ಟು, ಇನ್ನೊಂದನ್ನು ಮಾತ್ರ ಗೋಡೆಗೆ ಒರಗಿಸಿ ನೆಲಕ್ಕೆ ತಾಗಿಸಿ ನಿಲ್ಲಿಸಿ. ನೆಲ ಮುಖ್ಯ. ಕೆಂಪು ನೆಲದ ಛಾಯೆ ಗೋಡೆಗೆ ಹತ್ತಿ ಅರಿಶಿನ ಕೊಂಚ ಕೇಸರಿಗೆ ತಿರುಗುತ್ತದೆ. ನವಿಲುನೀಲಿ ಪಕ್ಕದಲ್ಲಿದ್ದರೆ ನೆಲವೇ ಇನ್ನಷ್ಟು ಕೆಂಪಾಗಿ ಕಾಣುತ್ತದೆ. ಬೆಳಗ್ಗೆ ನೋಡಿ, ರಾತ್ರಿ ದೀಪದಲ್ಲೂ ನೋಡಿ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಅರಿಶಿನ ಸಪ್ಪೆಯಾಗುತ್ತದೆ. 3000 ಕೆಲ್ವಿನ್‌ನ ಬೆಚ್ಚಗಿನ ಬೆಳಕಿನಲ್ಲಿ ಅದಕ್ಕೆ ಜೀವ ಬರುತ್ತದೆ, ನೀಲಿ ಮಾತ್ರ ಕಪ್ಪಿಡುತ್ತದೆ.

ನನ್ನ ಮತ ಅರಿಶಿನಕ್ಕೇ. ನಾನೂ ಮಲೆನಾಡಿನವಳು, ಆಷಾಢದ ಮಧ್ಯಾಹ್ನ ಮೂರಕ್ಕೇ ದೀಪ ಹಾಕುವ ನಡುಮನೆಗಳನ್ನು ಬಲ್ಲೆ. ಉತ್ತರದ ಕಿಟಕಿಯಿಂದ ಬರುವುದು ಹೆಚ್ಚಾಗಿ ಆಕಾಶದ ತಣ್ಣನೆಯ ಬೆಳಕು. ನಾಲ್ಕೂ ಗೋಡೆಗೆ ಗಾಢ ನೀಲಿ ಹೊಡೆದರೆ ಅದು ಆ ಅಲ್ಪ ಬೆಳಕನ್ನೂ ನುಂಗಿಬಿಡುತ್ತದೆ.

ಹಾಗೆಂದು ನಿಮ್ಮ ಯಜಮಾನರ ಆಸೆಯನ್ನು ತಳ್ಳಿಹಾಕಬೇಡಿ. ಕಿಟಕಿಗೆ ಎದುರಾದ ಒಂದು ಗೋಡೆಗೆ ನವಿಲುನೀಲಿ ಇರಲಿ. ಬೆಳಕು ನೇರ ಅದರ ಮೇಲೆ ಬಿದ್ದು ಬಣ್ಣ ತೆರೆದುಕೊಳ್ಳುತ್ತದೆ. ಕಿಟಕಿ ಇರುವ ಗೋಡೆಗೆ ಮಾತ್ರ ಬೇಡ. ಸುತ್ತ ಕತ್ತಲಾಗಿ ಕಿಟಕಿ ಕಣ್ಣು ಕುಕ್ಕುತ್ತದೆ. ಸೂರಿನ ಮರಕ್ಕೆ ಬಣ್ಣ ಹಚ್ಚಲೇಬೇಡಿ, ಪಾಲಿಶ್ ಸಾಕು.

ಕೆಲಸ ದೀಪಾವಳಿ ಕಳೆದು, ಗೋಡೆಯ ತೇವ ಆರಿದ ಮೇಲೆ ಹಿಡಿಸಿ. ಹಸಿ ಗೋಡೆಗೆ ಪುಟ್ಟಿ ನಿಲ್ಲುವುದಿಲ್ಲ.