ನೀರು ಪಾತಾಳದಷ್ಟು, ಮೊಟ್ಟೆಗೆ ಒಂದೇ ಬಂಡೆ

ಪ್ರಶ್ನೆ: ಅಮೆರಿಕದ ನೆವಾಡಾ ಮರುಭೂಮಿಯ ‘ಡೆವಿಲ್ಸ್ ಹೋಲ್’ ಎಂಬ ಒಂದೇ ಹೊಂಡದಲ್ಲಿ ಬದುಕಿರುವ ಪಪ್‌ಫಿಶ್ ಅಳಿವಿನಂಚಿನಲ್ಲಿದೆಯೆಂದು ಓದಿದೆ. ಹೊಂಡ ನೂರು ಮೀಟರಿಗೂ ಹೆಚ್ಚು ಆಳವಂತೆ. ಹಾಗಿದ್ದರೆ ಅದು ಮೊಟ್ಟೆ ಇಡುವುದೆಲ್ಲಿ? ನೀರು ನಾಲ್ಕಡಿ ಇಳಿದರೆ ಅದಕ್ಕೇನು ನಷ್ಟ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಹೊಂಡದ ಆಳಕ್ಕೂ ಈ ಮೀನಿನ ಸಂತಾನಕ್ಕೂ ಸಂಬಂಧ ಬಹಳ ಕಡಿಮೆ. ಹೊಂಡದ ಒಂದು ಅಂಚಿನಲ್ಲಿ, ನೀರಿನ ಮೇಲ್ಮೈಗೆ ತುಸು ಕೆಳಗೆ, ಸಾಧಾರಣ ಕೋಣೆಯೊಂದರ ನೆಲದಷ್ಟು ಅಗಲದ ಬಂಡೆಯ ಹಾಸು ಇದೆ. ಬಿಸಿಲು ತಾಗಿ ಪಾಚಿ ಬೆಳೆಯುವುದು ಅಲ್ಲಿಯೇ, ಒಂದಂಗುಲದಷ್ಟೇ ಉದ್ದದ ಈ ಮೀನು ಮೇಯುವುದೂ ಮುಖ್ಯವಾಗಿ ಅಲ್ಲಿಯೇ, ವಸಂತದಲ್ಲಿ ಮೊಟ್ಟೆ ಇಡುವುದೂ ಅಲ್ಲಿಯೇ. ಉಳಿದ ನೀರು 33 ಡಿಗ್ರಿ ಸೆಲ್ಸಿಯಸ್ ಬಿಸಿಯದು, ಆಮ್ಲಜನಕ ಕಡಿಮೆ, ಕೆಳಗೆ ಹೋದಂತೆ ಕತ್ತಲು.

ನಾಲ್ಕಡಿ ಎಂದಿರಿ. ಅಲ್ಲಿ ಅಷ್ಟೂ ಬೇಕಾಗಲಿಲ್ಲ. ಹೊಂಡದ ಗೋಡೆಗೆ ಬಡಿದಿದ್ದ ಒಂದು ತಾಮ್ರದ ಬಿಲ್ಲೆಯಿಂದ ನೀರಿನ ಮಟ್ಟ ಅಳೆಯುತ್ತಿದ್ದರು. 1968ರವರೆಗೆ ನೀರು ಬಿಲ್ಲೆಗಿಂತ 1.2 ಅಡಿ ಕೆಳಗಿತ್ತು. ಸಮೀಪದ ಜಮೀನಿನ ಕೊಳವೆಬಾವಿಗಳು ಅಂತರ್ಜಲವನ್ನು ಎಳೆಯತೊಡಗಿದ ಮೇಲೆ 1972ಕ್ಕೆ ಅದು 3.93 ಅಡಿಗೆ ಇಳಿಯಿತು. ಮೂರಡಿಗಿಂತ ಕಡಿಮೆ ಇಳಿತ. ನಮ್ಮ ಕಡೆ ಬಾವಿಯಲ್ಲಿ ಅಷ್ಟು ಇಳಿದರೆ ಯಾರೂ ಬಗ್ಗಿ ನೋಡುವುದಿಲ್ಲ. ಆದರೆ ಅಲ್ಲಿ ಹಾಸಿನ ಬಹುಭಾಗ ಗಾಳಿಗೆ ತೆರೆದುಕೊಂಡಿತು, ಪಾಚಿ ಬೆಳೆಯಲು ಜಾಗ ಉಳಿಯಲಿಲ್ಲ.

ಬೀದರಿನ ನೌಬಾದ್ ಸುರಂಗ ಬಾವಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕರೇಜ್ ಎಂದು ಕರೆಯುವ ಇಂಥ ಬಾವಿಯಲ್ಲಿ ನೀರನ್ನು ಸೇದಬೇಕಾಗಿಲ್ಲ, ಅದು ಇಳಿಜಾರಿನ ಸುರಂಗದಲ್ಲಿ ತಾನಾಗಿ ಹರಿಯುತ್ತದೆ. ಆದ್ದರಿಂದ ಅಂತರ್ಜಲವು ಸುರಂಗದ ತಳಕ್ಕಿಂತ ಒಂದು ಗೇಣು ಕೆಳಗೆ ಹೋದರೂ, ಅದರಡಿ ಎಷ್ಟೇ ನೀರಿರಲಿ, ಸುರಂಗ ಒಣಗಿದಂತೆಯೇ. ಪಪ್‌ಫಿಶ್‌ನ ಹಾಸಿನ ಲೆಕ್ಕವೂ ಇದೇ.

ಆ ಕೊಳವೆಬಾವಿಗಳ ಕುರಿತ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಹಾಸು ಮುಳುಗಿರುವಷ್ಟು ನೀರು ಉಳಿಯುವಂತೆ ಪಂಪಿಂಗ್‌ಗೆ ಮಿತಿ ಹಾಕಿದ್ದನ್ನು ನ್ಯಾಯಾಲಯ 1976ರಲ್ಲಿ ಸರ್ವಾನುಮತದಿಂದ ಎತ್ತಿಹಿಡಿಯಿತು. ಒಂದು ಕಿರುಮೀನಿನ ಹೆರಿಗೆಕೋಣೆಗಾಗಿ ಹೊರಟ ಇಂಥ ಆದೇಶ ನನಗೆ ಬೇರೊಂದು ಗೊತ್ತಿಲ್ಲ.

ಆದರೂ ಸಂಖ್ಯೆ ಸ್ಥಿರವಾಗಿಲ್ಲ. 2013ರಲ್ಲಿ 35 ಮೀನುಗಳಷ್ಟೇ ಎಣಿಕೆಗೆ ಸಿಕ್ಕವು. 2024ರ ವಸಂತದಲ್ಲಿ 191ಕ್ಕೆ ಏರಿದವು. ಬಳಿಕ ಎರಡು ಭೂಕಂಪಗಳು ಹೊಂಡದೊಳಗೆ ಅಲೆ ಎಬ್ಬಿಸಿ, ಹಾಸಿನ ಮೇಲಿದ್ದ ಪಾಚಿಯನ್ನೂ ಅದಕ್ಕೆ ಅಂಟಿದ್ದ ಮೊಟ್ಟೆಗಳನ್ನೂ ಆಳಕ್ಕೆ ತಳ್ಳಿದವು. 2025ರ ವಸಂತದಲ್ಲಿ ಕಂಡವು 38.