ಬೀಗದ ಕೈ ಯಾರ ಹತ್ರ ಇದೆ ಮೇಷ್ಟ್ರೇ?

ಮೇಷ್ಟ್ರೇ, ನಮಸ್ಕಾರ. ನಿಮ್ಮ ಕಾಗದ ಎರಡು ಸಲ ಓದ್ದೆ. ನಿಮ್ಮೂರ ಲೈಬ್ರರೀಲಿ ಪುಸ್ತಕ ಓದೋರೇ ಇಲ್ಲ, ಬೆಳಿಗ್ಗೆ ಪೆನ್ಷನ್ ಆದೋರು ಬಂದು ಪೇಪರ್ ತಿರುವಿ ಹಾಕ್ತಾರೆ, ಆಮೇಲೆ ಪಿಎಸ್ಐ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಎಕ್ಸಾಮ್ ಕಟ್ಟಿರೋ ಹುಡುಗ್ರು ಮನೆಯಿಂದ ತಮ್ಮದೇ ಗೈಡ್ ತಂದ್ಕೊಂಡು ಸಂಜೆವರೆಗೂ ಕುರ್ಚಿ ಬಿಡಲ್ಲ, ಎಲ್ಲಾ ಮೊಬೈಲಲ್ಲೇ ಸಿಗೋವಾಗ ಕಂದಾಯದ ಜೊತೆ ಲೈಬ್ರರಿ ಸೆಸ್ ಯಾಕೆ ಕಟ್ಬೇಕು ಅಂತ ಕೇಳಿದೀರ. ನೀವು ಹೇಳಿರೋದ್ರಲ್ಲಿ ಸುಳ್ಳೇನಿಲ್ಲ ಬಿಡಿ. ಬೆಂಗ್ಳೂರಿನ ಕಬ್ಬನ್ ಪಾರ್ಕಲ್ಲಿ ಇದ್ಯಲ್ಲ ಆ ಕೆಂಪು ಬಿಲ್ಡಿಂಗು, ಶೇಷಾದ್ರಿ ಅಯ್ಯರ್ ಮೆಮೋರಿಯಲ್ ಹಾಲು, ಅದೂ ಲೈಬ್ರರೀನೇ, ಅಲ್ಲಿಗೆ ಹೋದ್ರೂ ಟೇಬಲ್ ತುಂಬಾ ಗೈಡು, ನೋಟ್ಸು, ನೀರಿನ ಬಾಟ್ಲಿ.

ಆದ್ರೆ ಆ ಹುಡುಗ್ರು ಅಲ್ಲಿಗೇ ಯಾಕೆ ಬರ್ತಾರೆ? ಹೋದ ವರ್ಷ ಒಂದು ತಾಲೂಕು ಲೈಬ್ರರೀಲಿ ಒಬ್ಳು ಹುಡುಗಿನ ಇದೇ ಕೇಳಿದ್ದೆ. "ಮನೇಲಿ ಪುಸ್ತಕ ಹಿಡಿದ್ರೆ ಸುಮ್ನೆ ಕೂತಿದಾಳೆ ಅಂತಾರೆ ಸರ್, ಇಲ್ಲಿ ಸುಮ್ನೆ ಕೂತ್ರೂ ಓದ್ತಿದಾಳೆ ಅಂತಾರೆ" ಅಂದ್ಲು. ಒಂದೇ ರೂಮಿನ ಮನೆ, ಟಿವಿ, ಬರೋ ಹೋಗೋ ನೆಂಟರು, ಇದ್ರ ಮಧ್ಯೆ ಆ ಒಂದು ಕುರ್ಚಿ, ಒಂದು ಫ್ಯಾನು ಎಷ್ಟು ದೊಡ್ಡದು ಅಂತ ಸ್ವಂತ ರೂಮಿರೋ ನಮಗೆ ಗೊತ್ತಾಗಲ್ಲ. ಮೊಬೈಲಲ್ಲಿ ಎಲ್ಲಾ ಸಿಗುತ್ತೆ, ಕುರ್ಚಿ ಸಿಗಲ್ಲವಲ್ಲ!

ನನ್ನದೂ ಅದೇ ಕಥೆ. ಅಪ್ಪ ಹೋಟ್ಲಲ್ಲಿ ಸಪ್ಲೈಯರ್, ಮೆಂಬರ್ ಆಗೋಕೆ ಡೆಪಾಸಿಟ್ ಬೇರೆ, ಜಾಮೀನಿಗೆ ಸೈನ್ ಹಾಕೋರು ಬೇರೆ ಬೇಕಿತ್ತು, ನಮಗೆ ಯಾರು ಹಾಕ್ತಾರೆ. ಹಂಗಾಗಿ ಪುಸ್ತಕ ಮನೆಗೆ ತರೋ ಹಂಗಿರ್ಲಿಲ್ಲ, ಅಲ್ಲೇ ಕೂತು ಓದ್ಬೇಕು. ಒಂದು ದಪ್ಪ ಕಾದಂಬರಿ ಹಿಡಿದಿದ್ದೆ, ಬೇರೆ ಯಾರಾದ್ರೂ ತಗೊಂಡು ಹೋಗ್ಬಿಟ್ರೆ ಅನ್ನೋ ಭಯಕ್ಕೆ ದಿನಾ ಸಂಜೆ ಅದನ್ನ ಗೆಜೆಟಿಯರ್ ಸಾಲಿನ ಹಿಂದೆ ಬಚ್ಚಿಟ್ಟು ಬರ್ತಿದ್ದೆ (ಗೆಜೆಟಿಯರ್ ಅಂದ್ರೆ ಜಿಲ್ಲೆ ವಿವರದ ಸರ್ಕಾರಿ ಪುಸ್ತಕ, ಅದನ್ನ ಮುಟ್ಟೋರು ಯಾರಿದಾರೆ ಹೇಳಿ). ಒಂದಿನ ತೆಗೆದು ನೋಡ್ತೀನಿ, ನಾನು ಗುರುತಿಗಿಟ್ಟ ಕಡ್ಡಿಗಿಂತ ನಲವತ್ತು ಪುಟ ಮುಂದೆ ಒಂದು ಬಸ್ ಟಿಕೆಟ್! ನನ್ನ ಗುಟ್ಟಿನ ಜಾಗ ಇನ್ಯಾರಿಗೋ ಗೊತ್ತಾಗಿ, ಓದಿ, ವಾಪಸ್ ಅಲ್ಲೇ ಬಚ್ಚಿಟ್ಟಿದಾರೆ. ಮೊದ್ಲು ಉರಿ ಹತ್ತಿಕೊಳ್ತು, ಆಮೇಲೆ ಜಿದ್ದಿಗೆ ಬಿದ್ದು ಓದ್ದೆ, ಕೊನೆಗೆ ಒಂದು ವಾರ ಆ ಟಿಕೆಟ್ ಇದ್ದಲ್ಲೇ ಇದ್ದಾಗ ಪಾಪ ಹುಷಾರಿಲ್ಲವೇನೋ ಅಂತ ಅನ್ನಿಸೋಕೆ ಶುರುವಾಯ್ತು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನೀವು ಬೈದಿದೀರಲ್ಲ ಪೇಪರ್ ತಿರುವೋ ಅಜ್ಜಂದಿರು, ಅವರಲ್ಲೇ ಒಬ್ರು ಅಂತ ನನ್ನ ಗುಮಾನಿ.

ಇನ್ನು ದುಡ್ಡಿನ ವಿಷಯ. 1965ರಲ್ಲಿ ನಮ್ಮಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯ್ತು, ಸೆಸ್ ಬಂದಿದ್ದು ಅದರಿಂದ್ಲೇ. ಈಗ ರೂಪಾಯಿಗೆ 6 ಪೈಸೆ. ನಿಮ್ಮ ಮನೆ ಕಂದಾಯ 2,000 ಅಂದ್ರೆ ಲೈಬ್ರರಿಗೆ 120, ತಿಂಗಳಿಗೆ ಹತ್ತು ರೂಪಾಯಿ, ಒಂದು ಟೀ ದುಡ್ಡು. ನೀವೇನೋ ಕಟ್ತೀರ, ಆದ್ರೆ ವಸೂಲಿ ಮಾಡಿದೋರು ಅದನ್ನ ಲೈಬ್ರರಿಗೆ ದಾಟಿಸ್ದೆ ಬಾಕಿ ಇಟ್ಕೊಂಡಿರೋ ಸುದ್ದಿ ಪೇಪರಲ್ಲಿ ಆಗಾಗ ಬರ್ತಾನೇ ಇರುತ್ತೆ. ಸಿಟ್ಟು ಮಾಡ್ಕೊಳ್ಳೋದಾದ್ರೆ ಅಲ್ಲಿ ಮಾಡ್ಕೊಳ್ಳಿ, ನಾನೂ ಜೊತೆಗೆ ಬರ್ತೀನಿ.

ಈಗ ನಿಮ್ಮ ಕಾಗದದ ಕೊನೇ ಸಾಲಿಗೆ ಬರ್ತೀನಿ. ಊರಿನ ಇತಿಹಾಸದ ಪುಸ್ತಕ ಒಂದು ಗಾಜಿನ ಬೀರುವಲ್ಲಿ ಕಾಣ್ತಾ ಇತ್ತು, ಕೇಳಿದ್ದಕ್ಕೆ ಬೀಗದ ಕೈ ಇಲ್ಲ ಅಂದ್ರು ಅಂತ ಸುಮ್ನೆ ಒಂದು ಸಾಲು ಬರೆದು ಬಿಟ್ಟಿದೀರ. ನನಗನ್ಸುತ್ತೆ ನಿಮ್ಮ ಸಿಟ್ಟೆಲ್ಲಾ ಹುಟ್ಟಿದ್ದು ಇಲ್ಲೇ. ಎಸ್.ಆರ್. ರಂಗನಾಥನ್ ಹೆಸರು ಕೇಳಿರ್ತೀರ, ನಿಮ್ಮ ಹಂಗೇ ಮೇಷ್ಟ್ರು, ಗಣಿತದೋರು. 1924ರಲ್ಲಿ ಮದ್ರಾಸ್ ಯೂನಿವರ್ಸಿಟಿಗೆ ಲೈಬ್ರರಿಯನ್ ಆಗಿ ಹೋಗಿ, ಕೆಲಸ ಬೋರು ಅಂತ ವಾಪಸ್ ಪಾಠಕ್ಕೇ ಹೋಗ್ತೀನಿ ಅಂದಿದ್ದೋರು, ಲಂಡನ್ನಿಗೆ ಹೋಗಿ ಅಲ್ಲಿನ ಲೈಬ್ರರಿಗಳನ್ನ ನೋಡ್ಕೊಂಡು ಬಂದ್ಮೇಲೆ ಜೀವನ ಪೂರ್ತಿ ಅದಕ್ಕೇ ಅಂಟ್ಕೊಂಡ್ರು, ಕೊನೇ ವರ್ಷಗಳು ಬೆಂಗ್ಳೂರಲ್ಲೇ ಕಳೆದು 1972ರಲ್ಲಿ ಇಲ್ಲೇ ತೀರ್ಕೊಂಡ್ರು. ಲೈಬ್ರರಿಗೆ ಅವರು 1931ರಲ್ಲಿ ಐದು ಸೂತ್ರ ಹಾಕ್ಕೊಟ್ಟಿದಾರೆ, ಮೊದಲನೇದೇ ಪುಸ್ತಕ ಇರೋದು ಬಳಸೋಕೆ ಅಂತ. ಇಷ್ಟು ಸಣ್ಣ ಮಾತನ್ನ ಸೂತ್ರ ಅಂತ ಬೇರೆ ಹೇಳ್ಬೇಕಾ ಅನ್ಸುತ್ತೆ, ನಿಮ್ಮ ಬೀರು ನೋಡಿದ್ಮೇಲೆ ಹೇಳ್ಬೇಕು ಅಂತಾನೇ ಅನ್ಸುತ್ತೆ.

ಅದಕ್ಕೇ ಒಂದು ಕೆಲಸ ಮಾಡಿ. ಲೈಬ್ರರಿಗೆ ರಜ ಇಲ್ಲದ ದಿನ ನೋಡ್ಕೊಂಡು ಹೋಗಿ, ಆ ಪುಸ್ತಕ ಬೇಕು ಅಂತ ಒಂದು ಅರ್ಜಿ ಬರೆದು ಕೊಟ್ಟು ಒಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಳ್ಳಿ. ಒಬ್ರೇ ಹೋಗ್ಬೇಡಿ, ಆ ಎಕ್ಸಾಮ್ ಹುಡುಗ್ರಲ್ಲಿ ಇಬ್ರನ್ನ ಕರ್ಕೊಂಡು ಹೋಗಿ, ಅರ್ಜಿ ಬರೆಯೋದ್ರಲ್ಲಿ ಅವರು ಪಳಗಿರ್ತಾರೆ. ಬೀರು ತೆಗೆದ್ರಾ ಇಲ್ವಾ ಅಂತ ಬರೀರಿ, ಮುಂದಿನ ಸಂಚಿಕೇಲಿ ಹಾಕ್ತೀವಿ.

ಸಂ.