ಸತ್ತವನು ನಮ್ಮೂರಿನವನಾಗಿದ್ದರೆ ಈ ಫೋಟೊ ಹಾಕುತ್ತಿದ್ದೆವೇ?

ನೀವು ಪತ್ರಿಕೋದ್ಯಮ ಓದುತ್ತಿದ್ದೀರಿ ಅಂತ ಬರೆದಿದ್ದೀರಿ. ಯುದ್ಧದಲ್ಲಿ ಗಾಯಗೊಂಡವರನ್ನು ಕಾಪಾಡದೆ ಫೋಟೊ ತೆಗೆಯುತ್ತ ನಿಲ್ಲುವುದು ಸರಿಯೇ, ಹೆಣಗಳ ಚಿತ್ರವನ್ನು ಜನರಿಗೆ ತೋರಿಸಬಹುದೇ ಎಂದು ಕೇಳಿದ್ದೀರಿ. ನಾನು ಕೊಡಗಿನವಳು. ಅಪ್ಪ, ಚಿಕ್ಕಪ್ಪ ಇಬ್ಬರೂ ಸೇನೆಯಲ್ಲಿದ್ದವರು. ಯುದ್ಧದ ಸುದ್ದಿಯನ್ನು ಯಾರದೋ ಸುದ್ದಿ ಅಂತ ಓದುವುದು ನಮ್ಮ ಕಡೆಯ ಮನೆಗಳಲ್ಲಿ ಕಡಿಮೆ.

ಮೊದಲ ಪ್ರಶ್ನೆಗೆ ಉತ್ತರ ಕಷ್ಟದ್ದಲ್ಲ. ಕೈಲಾಗುವಾಗ ಕಾಪಾಡಲೇಬೇಕು. 1972ರ ಜೂನ್ 8ರಂದು ವಿಯೆಟ್ನಾಮಿನ ಟ್ರಾಂಗ್ ಬಾಂಗ್‌ನಲ್ಲಿ ನೇಪಾಮ್ ಎಂಬ ಬೆಂಕಿಬಾಂಬಿನಿಂದ ಮೈ ಸುಟ್ಟುಕೊಂಡು ಓಡಿಬಂದ 9 ವರ್ಷದ ಕಿಮ್ ಫುಕ್‌ಳ ಚಿತ್ರ ನೀವು ನೋಡಿರುತ್ತೀರಿ. ಅದನ್ನು ತೆಗೆದದ್ದು ಯಾರು ಎಂಬ ಬಗ್ಗೆ ಈಚೆಗೆ ತಕರಾರು ಎದ್ದಿದೆ, ಅದಿರಲಿ. ಅಲ್ಲಿದ್ದ ಛಾಯಾಗ್ರಾಹಕ ನಿಕ್ ಉಟ್ ಅವಳನ್ನು ವಾಹನದಲ್ಲಿ ಆಸ್ಪತ್ರೆಗೆ ಸೇರಿಸಿ, ಆಮೇಲೆ ಫಿಲ್ಮ್ ಹಿಡಿದು ಸೈಗಾನ್‌ಗೆ ಹೋದರು. ಆ ಹುಡುಗಿ ಬದುಕಿದಳು.

ನನ್ನನ್ನು ಕಾಡುವುದು ಎರಡನೆಯದು. ತೆಗೆಯಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಚಿತ್ರವೇ ಇಲ್ಲದಿದ್ದರೆ ಯುದ್ಧದ ಬಗ್ಗೆ ನಮಗೆ ಸಿಗುವುದು ಸರ್ಕಾರಗಳ ಹೇಳಿಕೆ ಮಾತ್ರ. ಆದರೆ ನಾವು ಯಾರನ್ನು ಹೇಗೆ ತೋರಿಸುತ್ತೇವೆ ನೋಡಿ. ನಮ್ಮ ಯೋಧ ಧ್ವಜ ಹೊದಿಸಿದ ಪೆಟ್ಟಿಗೆಯಲ್ಲಿ ಬರುತ್ತಾನೆ, ಪಕ್ಕದಲ್ಲಿ ಸಮವಸ್ತ್ರ ತೊಟ್ಟ ಭಾವಚಿತ್ರ, ಹೂವಿನ ಹಾರ. ಎದುರಾಳಿ ಮಾತ್ರ ಬಾಯಿ ತೆರೆದುಕೊಂಡು ಮಣ್ಣಿನಲ್ಲಿ ಬಿದ್ದಿರುತ್ತಾನೆ, ಕೆಳಗೆ ಹುರುಪಿನ ಶೀರ್ಷಿಕೆ. ಅವನಿಗೂ ಒಂದು ಮನೆಯಿದೆ, ಬಾಗಿಲಲ್ಲಿ ಕಾಯುವವರಿದ್ದಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಹಾಗಂತ ಎದುರಾಳಿಯ ಸಾವನ್ನು ಮುಚ್ಚಿಡಬೇಕೆಂದು ಹೇಳುತ್ತಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಟ್ರಕ್ಕಿನೊಳಗೆ ಸುಟ್ಟು ಕರಕಲಾದ ಇರಾಕಿ ಸೈನಿಕನ ಚಿತ್ರವನ್ನು ಕೆನ್ ಜಾರೆಕಿ ತೆಗೆದರು. ಎಪಿ ಸುದ್ದಿಸಂಸ್ಥೆಯ ನ್ಯೂಯಾರ್ಕ್ ಕಚೇರಿ ಅದನ್ನು ತಡೆಹಿಡಿಯಿತು. ಲಂಡನ್ನಿನ 'ಅಬ್ಸರ್ವರ್' ಪತ್ರಿಕೆ ಪ್ರಕಟಿಸಿತು. ಗುರಿ ತಪ್ಪದ ಬಾಂಬುಗಳ ವಿಡಿಯೊ ನೋಡುತ್ತಿದ್ದ ಅಮೆರಿಕದ ಜನಕ್ಕೆ ಆ ಬಾಂಬು ಮನುಷ್ಯನಿಗೆ ಏನು ಮಾಡುತ್ತದೆ ಎನ್ನುವುದು ಅಂದು ಕಾಣಲಿಲ್ಲ. ಲಂಡನ್ನಿನವರು ಮಾಡಿದ್ದೇ ಸರಿ. ಆ ಚಿತ್ರದಲ್ಲಿ ಗೆಲುವಿನ ಕೇಕೆ ಇಲ್ಲ, ಸುಟ್ಟ ಮುಖದಿಂದ ಅವನ ಗುರುತೂ ಸಿಗುವುದಿಲ್ಲ. ಅದೇ 1991ರಲ್ಲಿ ಅಮೆರಿಕ ತನ್ನ ಯೋಧರ ಶವಪೆಟ್ಟಿಗೆಗಳು ಡೋವರ್ ವಾಯುನೆಲೆಗೆ ಬಂದಿಳಿಯುವುದನ್ನು ಚಿತ್ರಿಸಬಾರದೆಂದು ತಡೆ ಹಾಕಿತು. 2009ರಲ್ಲಿ ಆ ತೀರ್ಮಾನವನ್ನು ಮನೆಯವರಿಗೆ ಬಿಟ್ಟಿತು: ಅವರು ಒಪ್ಪಿದರೆ ತೆಗೆಯಬಹುದು. ನನಗೆ ಒಪ್ಪಿಗೆಯಾಗುವ ನಿಯಮ ಇದೇ.

ನಮ್ಮಲ್ಲಿ ಮನೆಯಲ್ಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುವುದು ಕೊಡವರ ಪದ್ಧತಿ. ಅದನ್ನು ಕೇಳಿ ಊರಿನವರು ಕೈಗೆಲಸ ಬಿಟ್ಟು ಬರುತ್ತಾರೆ. ಸುದ್ದಿ ಹೊರಡುವುದು ಆ ಮನೆಯಿಂದಲೇ. ಗಡಿಯಲ್ಲಿ ಏನಾದರೂ ಆದರೆ ಈಗ ಮೊದಲು ಬರುವುದು ವಾಟ್ಸಾಪ್ ಫೋಟೊ. ರಕ್ತ ಮೆತ್ತಿದ ಮುಖವನ್ನು ಹೆಂಡತಿ ಮೊಬೈಲಿನಲ್ಲಿ ನೋಡುವಂತಾದರೆ, ಆ ಚಿತ್ರ ಎಷ್ಟೇ ಸತ್ಯವಾಗಿದ್ದರೂ ಅದನ್ನು ಹರಿಯಬಿಟ್ಟವರನ್ನು ನಾನು ಕ್ಷಮಿಸಲಾರೆ.

ಸೆರೆಯಾದವರ ವಿಷಯದಲ್ಲಂತೂ ಕಾನೂನೇ ಇದೆ. 1949ರ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ, ಯುದ್ಧಕೈದಿಗಳನ್ನು ಅವಮಾನದಿಂದಲೂ ಜನರ ಕುತೂಹಲದಿಂದಲೂ ಕಾಪಾಡಬೇಕು ಅನ್ನುತ್ತದೆ. 2019ರ ಫೆಬ್ರುವರಿಯಲ್ಲಿ ಅಲ್ಲಿ ಸೆರೆಸಿಕ್ಕ ನಮ್ಮ ವಾಯುಪಡೆಯ ಪೈಲಟ್ ಅಭಿನಂದನ್ ವರ್ಧಮಾನ್ ಅವರ ರಕ್ತಸಿಕ್ತ ಮುಖದ ವಿಡಿಯೊ ಪಾಕಿಸ್ತಾನದಿಂದ ಬಂದಾಗ ಭಾರತ ಪ್ರತಿಭಟಿಸಿತು. ಸರಿಯಾಗಿಯೇ ಮಾಡಿತು. ಆದರೆ ನಮ್ಮ ಕೈಗೆ ಸಿಕ್ಕವನ ವಿಡಿಯೊ ಬಂದರೆ ನಾವು ಅಷ್ಟೇ ಸಿಟ್ಟಾಗುತ್ತೇವೆಯೇ? 1965ರ ಯುದ್ಧದಲ್ಲಿ ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಕೆ. ಸಿ. ಕಾರ್ಯಪ್ಪ, ಪಾಕಿಸ್ತಾನದಲ್ಲಿ ಸೆರೆಯಾದರು. ಹಳೆಯ ಪರಿಚಯದ ಮೇಲೆ ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಬಿಡಿಸಲು ಮುಂದಾದರೂ ತಂದೆ ಒಪ್ಪಲಿಲ್ಲ. ಎಲ್ಲ ಕೈದಿಗಳನ್ನೂ ಒಂದೇ ರೀತಿ ನೋಡಿಕೊಳ್ಳಿ ಅಂದರು. ಫೋಟೊ ಆರಿಸುವ ಮೇಜಿನ ಮುಂದೆಯೂ ನನಗೆ ಬೇಕಾದದ್ದು ಆ ನಿಷ್ಠುರತೆ.

ಕ್ಯಾಮೆರಾ ಕೆಳಗಿಳಿಸಲೇಬೇಕಾದ ಸಂದರ್ಭ ಒಂದಿದೆ. 1971ರ ಡಿಸೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದ ಮುಕ್ತಿ ಬಾಹಿನಿ ಹೋರಾಟಗಾರರು, ಪಾಕಿಸ್ತಾನದ ಪರ ಇದ್ದರೆಂದು ಸೆರೆಹಿಡಿದವರನ್ನು ಜನರ ಮುಂದೆ ಬಯೊನೆಟ್‌ನಿಂದ (ಬಂದೂಕಿನ ತುದಿಯ ಚೂರಿಯಿಂದ) ತಿವಿದು ಕೊಂದರು. ಇದು ಕ್ಯಾಮೆರಾಗಳಿಗಾಗಿ ನಡೆಯುತ್ತಿದೆ ಅನ್ನಿಸಿ ಕೆಲವು ಛಾಯಾಗ್ರಾಹಕರು ಹೊರಟುಹೋದರು. ನಿಂತು ತೆಗೆದ ಹಾರ್ಸ್ಟ್ ಫಾಸ್ ಮತ್ತು ಮಿಷೆಲ್ ಲೊರಾಂ ಅವರಿಗೆ 1972ರ ಪುಲಿಟ್ಜರ್ ಪತ್ರಿಕೋದ್ಯಮ ಪ್ರಶಸ್ತಿ ಬಂತು. ಆ ಚಿತ್ರಗಳು ಇಂದು ಸಾಕ್ಷಿ, ಒಪ್ಪುತ್ತೇನೆ. ಆದರೂ ನನ್ನ ಗೌರವ ಹೊರಟುಹೋದವರಿಗೆ.

ಇನ್ನು ನಿಮ್ಮ ಕೆಲಸಕ್ಕೆ ಬರುವ ಮಾತು. ಇಂಥ ಚಿತ್ರ ನಿಮ್ಮ ಮೇಜಿಗೆ ಬಂದಾಗ ಎಲ್ಲಿಯದು, ಯಾವತ್ತಿನದು, ಯಾರು ತೆಗೆದದ್ದು ಅಂತ ಮೊದಲು ಕೇಳಿ. ಬೇರೆ ಯುದ್ಧದ ಹಳೆಯ ಹೆಣಗಳು ಇವತ್ತಿನ ಸುದ್ದಿಯ ಹೆಸರಿನಲ್ಲಿ ಓಡಾಡುತ್ತಿರುತ್ತವೆ. ಮನೆಯವರಿಗೆ ತಿಳಿದಿದೆಯೇ ಅಂತ ವಿಚಾರಿಸಿ. ಗೊತ್ತಾಗದಿದ್ದರೆ ಮುಖ ಕಾಣದ ಚಿತ್ರ ಆರಿಸಿ, ಅದು ಯಾವ ದೇಶದವನದಾದರೂ ಸರಿ.